ಯಾವಗಲ್ಲಿನಿಂದ ಕೊಲೋನಿಗೆ: ಚಳಿಗಾಲದ ಒಂದು ಪ್ರವಾಸದ ಸಿದ್ಧತೆ

ರೋಣ ತಾಲ್ಲೂಕಿನ ನಮ್ಮ ಯಾವಗಲ್ ಗ್ರಾಮದಲ್ಲಿ ಒಕ್ಕಲುತನದ ಮನೆಗಳಿಗೆ ಬಿಡುವೆಂಬುದು ದೊರೆಯುವುದು ಚಳಿಗಾಲದ ಕೆಲವು ವಾರ ಮಾತ್ರ. ಹಿಂಗಾರಿಯ ಬಿತ್ತನೆ ಮುಗಿದು, ಕಡಲೆ, ಬಿಳಿಜೋಳ, ಕುಸುಬಿಗಳು ಎರೆಭೂಮಿಯ ಹಸಿಯನ್ನೂ ಮುಂಜಾವಿನ ಮಂಜನ್ನೂ ನಂಬಿಕೊಂಡು ಬೆಳೆಯುತ್ತಿರುತ್ತವೆ. ಮಳೆಗಾಲದಲ್ಲಿ ರಸ್ತೆಯನ್ನೇ ಕಟ್ಟಿಹಾಕುವ ಬೆಣ್ಣೆಹಳ್ಳವೂ ಆಗ ಸುಮ್ಮನಿರುತ್ತದೆ. ಸುಗ್ಗಿಗೆ ಇನ್ನೂ ತಿಂಗಳೆರಡು ತಿಂಗಳಿರುವ ಈ ಅವಧಿಯಲ್ಲಿಯೇ ನಮ್ಮ ಹಿರಿಯರು ಗೋವೆಗೆ ಹೋಗಿ ಸಂತ ಫ್ರಾನ್ಸಿಸ್ ಕ್ಸೇವಿಯರರ ದರ್ಶನ ಪಡೆದು ಬರುತ್ತಿದ್ದರು. ಅದೇ ಬಿಡುವಿನಲ್ಲಿ, ಬರುವ ಕ್ರಿಸ್ತಜಯಂತಿಗೆ, ನಮ್ಮ ಮನೆಯ ನಾಲ್ವರು ಯೂರೋಪಿಗೆ ಹೋಗಿಬರುವುದೆಂದು ನಿಶ್ಚಯಿಸಿದ್ದೇವೆ. ಗದಗು, ಹುಬ್ಬಳ್ಳಿಗಳ ಬಂಧುಗಳನೇಕರು ಇದನ್ನು ಕೇಳಿ, ನಿಮ್ಮ ಲೆಕ್ಕವನ್ನು ನಮಗೂ ತಿಳಿಸಿರೆಂದು ಒತ್ತಾಯ ಮಾಡಿದ್ದರಿಂದ ಈ ಬರಹ.

ನಮ್ಮ ಮಗಳು ಜರ್ಮನಿಯ ಕೊಲೋನ್ ನಗರದ ಆಸ್ಪತ್ರೆಯೊಂದರಲ್ಲಿ ಶುಶ್ರೂಷಕಿಯಾಗಿದ್ದಾಳೆ. ಅವಳು ಮನೆ ಬಿಟ್ಟು ಮೂರು ವರ್ಷಗಳಾದವು. ಅವಳನ್ನು ಎತ್ತಿ ಆಡಿಸಿದ ನಮ್ಮ ತಾಯಿಯವರಿಗೆ ಈಗ 79 ವರ್ಷ. ದೂರವಾಣಿಯ ಪರದೆಯ ಮೇಲೆ ಮೊಮ್ಮಗಳ ಮುಖ ನೋಡಿ ಮಾತನಾಡುವುದು ಉಂಟು. ಆದರೆ ಪ್ರತಿ ಸಲವೂ ಮಾತು ಮುಗಿದ ಮೇಲೆ ಅವ್ವ ಪರದೆಯನ್ನು ಸೆರಗಿನಿಂದ ಒರೆಸಿಡುವುದನ್ನು ನಾವು ನೋಡುತ್ತ ಬಂದಿದ್ದೇವೆ. ಇದು ಒಂದು ಕಾರಣ. ಇನ್ನೊಂದು ಕಾರಣ ಹಳೆಯದು. 1986ರ ಫೆಬ್ರವರಿಯಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ಅವರು ಗೋವೆಗೆ ಬಂದಾಗ, ಲೋಂಡಾ ಮಾರ್ಗದ ಸಣ್ಣ ಹಳಿಯ ರೈಲಿನಲ್ಲಿ ಹೋಗಿ ಅವರನ್ನು ದೂರದಿಂದ ಕಂಡುಬಂದವರು ಅವ್ವ. 2024ರ ನವೆಂಬರಿನಿಂದ 2025ರ ಜನವರಿಯವರೆಗೆ ನಡೆದ ಹತ್ತು ವರ್ಷಕ್ಕೊಮ್ಮೆಯ ದರ್ಶನದಲ್ಲಿ ಸಂತ ಕ್ಸೇವಿಯರರ ಪಾರ್ಥಿವ ದೇಹವನ್ನೂ ಕಂಡುಬಂದರು. ಅಲ್ಲಿ ಯಾರೋ ಹೇಳಿದರಂತೆ, ಆ ದೇಹದ ಬಲಗೈ ಇಲ್ಲಿಲ್ಲ, ರೋಮಿನಲ್ಲಿದೆ ಎಂದು. ಮಾತು ನಿಜ. 1552ರ ಡಿಸೆಂಬರ್ 3ರಂದು ಚೀನಾದ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡ ಸಂತರ ದೇಹವು ಗೋವೆ ಸೇರಿದ್ದು 1554ರಲ್ಲಿ. ಸಾವಿರಾರು ಜನರಿಗೆ ಜ್ಞಾನಸ್ನಾನ ನೀಡಿದ ಅವರ ಬಲಗೈಯ ಭಾಗವನ್ನು 1614ರಲ್ಲಿ ಯೇಸುಸಭೆಯ ಮಹಾಮಠಾಧಿಪತಿಗಳ ಆಜ್ಞೆಯ ಮೇರೆಗೆ ರೋಮಿಗೆ ಕಳುಹಿಸಲಾಯಿತು. ಇಂದಿಗೂ ಅದು ಅಲ್ಲಿನ ಜೆಸು ದೇವಾಲಯದಲ್ಲಿ, ಸಂತರ ಹೆಸರಿನ ಪೀಠದ ಮೇಲೆ ಇದೆ. ಅಂದಿನಿಂದ ಅವ್ವನ ಮಾತು ಒಂದೇ: “ದೇಹ ಕಂಡೇನಿ ತಮ್ಮಾ, ಆ ಕೈಯೊಂದು ಕಂಡ್ರ ಸಾಕು.”

ಹೀಗೆ ಕೈಯೊಂದು ರೋಮಿನಲ್ಲಿ, ಮೊಮ್ಮಗಳು ಕೊಲೋನಿನಲ್ಲಿ. ಎರಡು ಊರುಗಳನ್ನು ಜೋಡಿಸುವ ಸರಳ ಕೆಲಸವೆಂದೇ ನಾವು ಮೊದಲು ತಿಳಿದಿದ್ದೆವು.

ಪ್ರವಾಸ ಏರ್ಪಡಿಸುವ ಸಂಸ್ಥೆಯೊಂದಕ್ಕೆ ಹೋಗಿ ವಿಚಾರಿಸಿದಾಗ ಬಣ್ಣದ ಕಾಗದವೊಂದನ್ನು ಕೈಗಿತ್ತರು. ಹನ್ನೊಂದು ದಿನ, ಹತ್ತು ಊರು: ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಕೊಲೋನ್, ಲೂಸರ್ನ್, ಇನ್ಸ್‌ಬ್ರುಕ್, ವೆನಿಸ್, ಪೀಸಾ, ಫ್ಲಾರೆನ್ಸ್, ರೋಮ್. ಹುಬ್ಬಳ್ಳಿಯಲ್ಲಿ ತಾಂತ್ರಿಕ ಶಿಕ್ಷಣ ಪಡೆಯುತ್ತಿರುವ ನಮ್ಮ ಮಗನ ಕಣ್ಣುಗಳು ಅರಳಿದವು. ಬೆಲೆಯೂ ನಾವು ಹೆದರಿದಷ್ಟಿರಲಿಲ್ಲ. ಮನೆಗೆ ಬಂದು ಆ ಕಾಗದವನ್ನು ಸಾವಧಾನವಾಗಿ ಓದಿದಾಗ ತಿಳಿದದ್ದು, ಕೊಲೋನಿನಲ್ಲಿ ಬಸ್ಸು ನಿಲ್ಲುವುದು ಒಂದೂವರೆ ಗಂಟೆ. ರೋಮಿಗೆ ಮೀಸಲಾದುದು ಅರ್ಧ ದಿನ. ಮೊಮ್ಮಗಳೊಡನೆ ಒಂದೂವರೆ ಗಂಟೆ ಮಾತನಾಡಲು ಅಷ್ಟು ದೂರ ಹೋಗುವುದೆ? ಅವ್ವನಿಗೆ ಪಟ್ಟಿ ಓದಿ ಹೇಳಿದೆವು. “ಹತ್ತ ಊರು ನೋಡಾಕ ಹೋಗಿ ಒಂದೂ ನೋಡದಂಗ ಬರೂದು ಯಾಕ?” ಎಂದರು. ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ತೆಗೆದಿಟ್ಟು ಹೊರಡುವವರು ನಾವು. ಮತ್ತೊಮ್ಮೆ ಹೋಗುವ ಮಾತೇ ಇಲ್ಲ. ಹೆಚ್ಚು ಊರು ನೋಡಿದರೆ ಹಣ ಸಾರ್ಥಕವಾದೀತೆಂಬ ಆಸೆ ನಮಗೂ ಇರಲಿಲ್ಲವೆಂದರೆ ಸುಳ್ಳಾದೀತು. ಆದರೆ ಆ ಕಾಗದವನ್ನು ಬದಿಗಿಟ್ಟು, ಗೋಡೆಯ ಪಂಚಾಂಗವನ್ನು ಇಳಿಸಿಕೊಂಡು ನಾವೇ ಲೆಕ್ಕ ಹಾಕಲು ಕುಳಿತೆವು.

ಮೊದಲನೆಯ ಲೆಕ್ಕ ಬೆಳಕಿನದು. ನಮ್ಮ ಸೀಮೆಯಲ್ಲಿ ಡಿಸೆಂಬರ್ ಕೊನೆಯ ಅತಿ ಚಿಕ್ಕ ಹಗಲು ಕೂಡ ಹನ್ನೊಂದು ಗಂಟೆಗಿಂತ ತುಸು ಹೆಚ್ಚೇ ಇರುತ್ತದೆ. ರೋಮಿನಲ್ಲಿ ಅದೇ ದಿನದ ಹಗಲು ಒಂಬತ್ತು ಗಂಟೆಯ ಸುಮಾರು. ಕೊಲೋನಿನಲ್ಲಿ ಎಂಟೇ ಗಂಟೆ. ಅಲ್ಲಿ ಬೆಳಿಗ್ಗೆ ಎಂಟೂವರೆಯವರೆಗೆ ಸೂರ್ಯನಿಲ್ಲ, ಸಂಜೆ ನಾಲ್ಕೂವರೆಗೆ ದೀಪ ಹಚ್ಚಬೇಕು. ಬೇಸಿಗೆಯಲ್ಲಿ ಯೂರೋಪಿಗೆ ಹೋಗಿಬಂದವರು ರಾತ್ರಿ ಒಂಬತ್ತರವರೆಗೂ ಬೆಳಕಿತ್ತೆಂದು ವರ್ಣಿಸುತ್ತಾರೆ; ಅವರು ದಿನಕ್ಕೆರಡು ಊರು ನೋಡಿದ್ದು ಆ ಬೆಳಕಿನ ಬಲದಿಂದ. ಚಳಿಗಾಲದಲ್ಲಿ ಒಂದೂರಿನಿಂದ ಇನ್ನೊಂದೂರಿಗೆ ಐದು ಗಂಟೆ ಪ್ರಯಾಣವೆಂದರೆ ಆ ದಿನದ ಹಗಲು ಬಹುಪಾಲು ಹೋದಂತೆಯೇ. ಹತ್ತು ಊರುಗಳ ಪಟ್ಟಿಯಲ್ಲಿ ಅರ್ಧದಷ್ಟು ಊರುಗಳನ್ನು ಬಸ್ಸಿನ ಕಿಟಕಿಯಿಂದ, ಅದೂ ಕತ್ತಲಲ್ಲಿ, ನೋಡುವುದಾಗುತ್ತಿತ್ತು.

ಎರಡನೆಯ ಲೆಕ್ಕ ಹಬ್ಬದ್ದು. ಇದನ್ನು ನಮ್ಮವರು ಹೆಚ್ಚಾಗಿ ಗಮನಿಸುವುದಿಲ್ಲ. ಕ್ರಿಸ್ಮಸ್ ಎಂದರೆ ಯೂರೋಪಿನ ಊರುಗಳೆಲ್ಲ ದೀಪಗಳಿಂದ, ಸಂತೆಗಳಿಂದ ತುಂಬಿರುವುವೆಂಬ ಚಿತ್ರ ನಮ್ಮ ಮನಸ್ಸಿನಲ್ಲಿದೆ. ಜರ್ಮನಿಯ ಪ್ರಸಿದ್ಧ ಕ್ರಿಸ್ಮಸ್ ಸಂತೆಗಳು ನಡೆಯುವುದು ಆಗಮನ ಕಾಲದಲ್ಲಿ, ನವೆಂಬರ್ ಕೊನೆಯಿಂದ ಮೊದಲಾಗಿ. ಕೊಲೋನಿನ ಪ್ರಧಾನಾಲಯದ ಅಂಗಳದ ಸಂತೆ ಡಿಸೆಂಬರ್ 23ಕ್ಕೆ ಮುಗಿಯುತ್ತದೆ. 24ರ ಮಧ್ಯಾಹ್ನದಿಂದ ಅಂಗಡಿಗಳು ಮುಚ್ಚಲಾರಂಭಿಸುತ್ತವೆ. 25 ಮತ್ತು 26 ಎರಡೂ ದಿನ ರಜೆ. ಹಬ್ಬವೆಂದರೆ ಅವರಿಗೆ ಮನೆಯೊಳಗಿನ ಹಬ್ಬ. ಹಬ್ಬ ಮುಗಿಸಿಕೊಂಡು 26ರ ವಿಮಾನ ಹತ್ತಿ ಸಂತೆ ನೋಡಲು ಹೋದವರು ಕಂಬ ಕಿತ್ತ ಬಯಲನ್ನು ನೋಡಬೇಕಾಗುತ್ತದೆ. ರೋಮಿನ ಕ್ರಮ ಬೇರೆ. ಅಲ್ಲಿ ಸಂತ ಪೇತ್ರರ ಚೌಕದ ಗೋದಲಿಯೂ ಮರವೂ ಮೂರು ರಾಯರ ಹಬ್ಬ ಕಳೆಯುವವರೆಗೆ ಇರುತ್ತವೆ. ಆದರೆ ವ್ಯಾಟಿಕನ್ ವಸ್ತುಸಂಗ್ರಹಾಲಯಗಳು ಡಿಸೆಂಬರ್ 25, 26, ಜನವರಿ 1, 6ರಂದು ಬಾಗಿಲು ಹಾಕುತ್ತವೆ; ತಿಂಗಳ ಕೊನೆಯ ಭಾನುವಾರವೊಂದನ್ನು ಬಿಟ್ಟು ಉಳಿದ ಭಾನುವಾರಗಳಲ್ಲಿಯೂ ಅಷ್ಟೆ. ಸಿಸ್ಟೈನ್ ಪ್ರಾರ್ಥನಾಲಯವಿರುವುದು ಅದರೊಳಗೇ. ಈ ದಿನಗಳನ್ನು ಮೊದಲೇ ಗುರುತು ಹಾಕಿಕೊಳ್ಳದಿದ್ದರೆ ಅಷ್ಟು ದೂರ ಹೋಗಿ ಗೋಡೆ ನೋಡಿ ಬರಬೇಕಾದೀತು.

ಮೂರನೆಯದು ಮಗಳ ಲೆಕ್ಕ. ಆಸ್ಪತ್ರೆಯಲ್ಲಿ 24ರಿಂದ 26ರವರೆಗೆ ಅವಳಿಗೆ ಕೆಲಸ. ರೋಗಿಗಳಿಗೆ ಹಬ್ಬದ ರಜೆಯಿಲ್ಲವಷ್ಟೆ. ಅವಳಿಗೆ ಬಿಡುವು ಡಿಸೆಂಬರ್ 30ರಿಂದ ಜನವರಿ 6ರವರೆಗೆ. ಇದನ್ನು ಕೇಳಿ ಮೊದಲು ಮನೆಯಲ್ಲಿ ಎಲ್ಲರ ಮುಖ ಸಪ್ಪೆಯಾಯಿತು. ಆಮೇಲೆ ಹೊಳೆದುದು, ಹಬ್ಬವನ್ನು ಅವಳೊಡನೆ ಮಾಡಲಾಗದಿದ್ದರೆ ರೋಮಿನಲ್ಲಿ ಮಾಡಬಹುದು; ಮೂರು ರಾಯರ ಹಬ್ಬವನ್ನು ಕೊಲೋನಿನಲ್ಲಿ ಅವಳೊಡನೆ ಮಾಡಬಹುದು. ಮೂರು ರಾಯರ ಹಬ್ಬಕ್ಕೆ ಕೊಲೋನಿಗಿಂತ ತಕ್ಕ ಊರು ಯಾವುದಿದೆ! ಪೂರ್ವದೇಶದ ಆ ಜ್ಞಾನಿಗಳದೆಂದು ನಂಬಲಾದ ಅವಶೇಷಗಳನ್ನು 1164ರಲ್ಲಿ ಮಿಲಾನಿನಿಂದ ಅಲ್ಲಿಗೆ ತರಲಾಯಿತು. ಅವುಗಳಿಗಾಗಿ ಚಿನ್ನದ ಪೆಟ್ಟಿಗೆಯಾಯಿತು. ಪೆಟ್ಟಿಗೆಗೆ ತಕ್ಕ ಆಲಯ ಬೇಕೆಂದು 1248ರಲ್ಲಿ ಆರಂಭವಾದ ಕಟ್ಟಡ ನಡುವೆ ಶತಮಾನಗಳ ಕಾಲ ನಿಂತುಹೋಗಿ, ಪೂರ್ಣಗೊಂಡದ್ದು 1880ರಲ್ಲಿ. ಗೋಪುರದ ಎತ್ತರ 157 ಮೀಟರು. ರೈಲು ನಿಲ್ದಾಣದಿಂದ ಹೊರಗೆ ಬಂದು ತಲೆ ಎತ್ತಿದರೆ ಎದುರಿಗೇ ಆಲಯ, ನಡೆಯಬೇಕಾದುದೇ ಇಲ್ಲ; ಅವ್ವನ ಮೊಳಕಾಲಿಗೆ ಇದು ದೊಡ್ಡ ಅನುಕೂಲ. ಆ ದಿನಗಳಲ್ಲಿ ಜರ್ಮನಿಯ ಮಕ್ಕಳು ರಾಯರ ವೇಷ ತೊಟ್ಟು ಮನೆಮನೆಗೆ ಹಾಡುತ್ತ ಹೋಗಿ, ಬಾಗಿಲ ಮೇಲೆ ಸೀಮೆಸುಣ್ಣದಿಂದ ಆಶೀರ್ವಾದದ ಅಕ್ಷರ ಬರೆದು, ಬಡ ಮಕ್ಕಳಿಗಾಗಿ ಹಣ ಕೂಡಿಸುತ್ತಾರೆ. ತಮಾಷೆಯೆಂದರೆ, ರಾಯರ ಅವಶೇಷಗಳಿರುವ ಆ ಊರಿನಲ್ಲಿ ಜನವರಿ 6 ಸರ್ಕಾರಿ ರಜೆಯಲ್ಲ. ದಕ್ಷಿಣದ ಬವೇರಿಯಾದಲ್ಲಿ ರಜೆ!

ಹೀಗೆ ಎರಡು ತುದಿಗಳು ಗಟ್ಟಿಯಾದವು. ರೋಮಿನಲ್ಲಿ ಇಳಿಯುವುದು, ಜರ್ಮನಿಯಿಂದ ಏರುವುದು. ಒಂದು ಊರಿಗೆ ಹೋಗಿ ಬೇರೊಂದು ಊರಿನಿಂದ ಮರಳುವ ಟಿಕೆಟ್ಟನ್ನು ಒಂದೇ ಟಿಕೆಟ್ಟಾಗಿ ಕೊಡುತ್ತಾರೆಂಬುದು ನಮಗೆ ಗೊತ್ತಿರಲಿಲ್ಲ. ಇಳಿದ ಊರಿಗೇ ಮರಳಿ ಬಂದು ವಿಮಾನ ಹತ್ತಬೇಕಾದರೆ ಒಂದು ದಿನವೂ ನಾಲ್ವರ ರೈಲುವೆಚ್ಚವೂ ವ್ಯರ್ಥ. ಕೊಲೋನಿನಿಂದ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣಕ್ಕೆ ವೇಗದ ರೈಲಿನಲ್ಲಿ ಒಂದು ಗಂಟೆಯ ಹಾದಿ.

ಇನ್ನುಳಿದದ್ದು ನಡುವಿನ ಊರುಗಳು. ಇಲ್ಲಿಯೇ ನಮ್ಮಲ್ಲಿ ಜಗಳವಾದದ್ದು. ಮಗನಿಗೆ ಪ್ಯಾರಿಸ್ ಬೇಕು. 2019ರ ಏಪ್ರಿಲ್ 15ರಂದು ಸುಟ್ಟ ನೋತ್ರ್ ದಾಮ್ ಆಲಯ ದುರಸ್ತಿಯಾಗಿ 2024ರ ಡಿಸೆಂಬರಿನಲ್ಲಿ ತೆರೆದಿದೆ, ಅದನ್ನು ನೋಡದೆ ಬರುವುದೆಂತು ಎಂದು ಅವನ ವಾದ. ಕೊಲೋನಿನಿಂದ ಮೂರೂವರೆ ಗಂಟೆಯೊಳಗೆ ತಲುಪಬಹುದೆಂದು ಕೈಯಲ್ಲಿ ವೇಳಾಪಟ್ಟಿ ಹಿಡಿದೇ ಬಂದ. ಮನೆಯಾಕೆಗೆ ಲೂರ್ದು ಬೇಕು. ಲೂರ್ದು ಮಾತೆಯ ಗುಹೆಯ ಚಿತ್ರದ ಮುಂದೆ ಹುಟ್ಟಿದಂದಿನಿಂದ ಜಪಸರ ಹೇಳಿ ಬೆಳೆದ ಕುಟುಂಬ ಅವರದು. ಇದನ್ನು ಬಿಡುವುದು ಕಷ್ಟವಾಯಿತು. ಆದರೆ ಲೂರ್ದು ಇರುವುದು ಪಿರಿನೀಸ್ ಪರ್ವತಗಳ ಬುಡದಲ್ಲಿ, ಸ್ಪೇನಿನ ಗಡಿಯ ಹತ್ತಿರ. ನಮ್ಮ ದಾರಿಗೆ ಅದು ಓರೆಯಲ್ಲ, ಬೇರೆಯ ದಿಕ್ಕೇ. ಮೇಲಾಗಿ ಚಳಿಗಾಲದಲ್ಲಿ ಅಲ್ಲಿನ ವಸತಿಗೃಹಗಳಲ್ಲಿ ಬಹಳಷ್ಟು ಮುಚ್ಚಿರುತ್ತವೆ. ಯಾತ್ರಿಕರ ಮೆರವಣಿಗೆ, ಸಾಯಂಕಾಲದ ದೀಪಗಳ ಸಾಲು, ರೋಗಿಗಳ ಸೇವೆ, ಇವೆಲ್ಲ ತುಂಬಿ ನಡೆಯುವುದು ಈಸ್ಟರಿನಿಂದ ಅಕ್ಟೋಬರಿನವರೆಗೆ. ಲೂರ್ದನ್ನು ನೋಡುವವರು ಆ ಕಾಲದಲ್ಲಿ ಹೋಗಬೇಕೆಂದು ಮನೆಯಾಕೆ ತಾನೇ ಹೇಳಿ ಪಟ್ಟಿಯಿಂದ ಹೊಡೆದುಹಾಕಿದಳು. ಆಮೇಲೆ ಆ ಸಂಜೆ ಹೆಚ್ಚು ಮಾತನಾಡಲಿಲ್ಲ.

ಪಾದುವಾ ಮಾತ್ರ ದಾರಿಯ ಮೇಲೆಯೇ ಬಂತು. ರೋಮಿನಿಂದ ಉತ್ತರಕ್ಕೆ ವೇಗದ ರೈಲಿನಲ್ಲಿ ಮೂರು ಗಂಟೆಗಿಂತ ಸ್ವಲ್ಪ ಹೆಚ್ಚು. ಮಂಗಳವಾರಗಳಂದು ಸಂತ ಅಂತೋಣಿಯವರಿಗೆ ಮೇಣದಬತ್ತಿ ಹಚ್ಚದ ಕಥೋಲಿಕ ಮನೆ ಕರ್ನಾಟಕದಲ್ಲಿ ವಿರಳ. ಲಿಸ್ಬನ್ನಿನಲ್ಲಿ ಹುಟ್ಟಿ 1231ರಲ್ಲಿ ಪಾದುವಾದ ಹೊರವಲಯದಲ್ಲಿ ತೀರಿಕೊಂಡ ಆ ಸಂತರ ಸಮಾಧಿಯ ಕಲ್ಲಿನ ಮೇಲೆ ಕೈಯಿಟ್ಟು ಪ್ರಾರ್ಥಿಸಲು ಅಲ್ಲಿ ಅವಕಾಶವಿದೆ. ಪಾದುವಾದಿಂದ ವೆನಿಸ್ ಅರ್ಧ ಗಂಟೆ. ಅರ್ಧ ಗಂಟೆಯ ದೂರದಲ್ಲಿದ್ದೂ ವೆನಿಸ್ ನೋಡದೆ ಬಂದವರೆಂದು ನಮ್ಮನ್ನು ನಗುವವರು ನಗಲಿ, ಅದನ್ನು ಬಿಟ್ಟಿದ್ದೇವೆ. ಅದಕ್ಕೆ ಕಾರಣ ವೀಸಾ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಒಂದು ಕಾಲದಲ್ಲಿ ಯೂರೋಪಿನ ಪ್ರತಿ ದೇಶಕ್ಕೂ ಬೇರೆ ಅನುಮತಿ, ಬೇರೆ ಹಣ. ಷೆಂಗೆನ್ ಒಪ್ಪಂದ 1995ರ ಮಾರ್ಚಿನಲ್ಲಿ ಜಾರಿಗೆ ಬಂದಂದಿನಿಂದ ಒಂದೇ ವೀಸಾದಲ್ಲಿ ಅನೇಕ ದೇಶಗಳನ್ನು ದಾಟಬಹುದು; ಈಗ ಅವುಗಳ ಸಂಖ್ಯೆ 29. ಬ್ರಿಟನ್ ಮತ್ತು ಐರ್ಲೆಂಡ್ ಇದರಲ್ಲಿಲ್ಲ. ಹೇಗೂ ಹೋಗುತ್ತೀರಲ್ಲ, ಲಂಡನ್ನಿನ ನಮ್ಮ ಮನೆಗೂ ಬಂದುಹೋಗಿ ಎಂದು ಕರೆದ ಬಂಧುಗಳಿಗೆ ಇದನ್ನೇ ಹೇಳಿ ಕ್ಷಮೆ ಕೇಳಿದೆವು. ಆದರೆ ಒಂದೇ ವೀಸಾ ಆದರೂ ಅರ್ಜಿ ಯಾವ ದೇಶಕ್ಕೆ ಹಾಕಬೇಕೆಂಬ ನಿಯಮವಿದೆ: ಪ್ರವಾಸದ ಮುಖ್ಯ ಉದ್ದೇಶ ಯಾವ ದೇಶದಲ್ಲೋ, ಹೆಚ್ಚು ದಿನ ಇರುವುದು ಎಲ್ಲೋ, ಆ ದೇಶಕ್ಕೆ. ಯಾವುದೂ ಮುಖ್ಯವೆಂದು ಹೇಳಲಾಗದಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ನಮ್ಮ ಮೊದಲ ಲೆಕ್ಕದಲ್ಲಿ ರೋಮಿನಲ್ಲಿ 6 ರಾತ್ರಿ, ಪಾದುವಾದಲ್ಲಿ 2, ಮ್ಯೂನಿಕ್‌ನಲ್ಲಿ 1, ಕೊಲೋನಿನಲ್ಲಿ 7. ಅಂದರೆ ಇಟಲಿಗೆ ಎಂಟು, ಜರ್ಮನಿಗೆ ಎಂಟು! ತಕ್ಕಡಿ ಸಮ ನಿಂತಿತು. ಮಗಳ ಮನೆಗೆ ಹೋಗುವವರು ಇಟಲಿಗೆ ಅರ್ಜಿ ಹಾಕಿದರೆ, ಉದ್ದೇಶ ಒಂದು, ಅರ್ಜಿ ಇನ್ನೊಂದು ಎಂಬ ಸಂದೇಹಕ್ಕೆ ಎಡೆಯಾದೀತು. ಸಂದೇಹಕ್ಕೆ ಎಡೆಯಾದ ಅರ್ಜಿ ತಿರಸ್ಕೃತವಾದರೆ ಕಟ್ಟಿದ ಶುಲ್ಕ ಮರಳುವುದಿಲ್ಲ. 2024ರ ಜೂನಿನಿಂದ ವಯಸ್ಕರಿಗೆ ಆ ಶುಲ್ಕ ತಲೆಗೆ 90 ಯೂರೋ, ನಾಲ್ವರಿಗೆ 360. ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಹಣಕ್ಕಿಂತ ಹೆಚ್ಚಾಗಿ, 79 ವರ್ಷದವರನ್ನು ಮತ್ತೆ ಬೆಂಗಳೂರಿಗೆ ಅಲೆದಾಡಿಸಬೇಕಾದೀತೆಂಬ ಭಯ.

ಈ ತೊಡಕನ್ನು ಅವ್ವನ ಮುಂದಿಟ್ಟೆವು. ಯಾವ ಊರಿನ ಒಂದು ದಿನ ಕಡಿಮೆ ಮಾಡಿ ಕೊಲೋನಿಗೆ ಕೂಡಿಸೋಣ ಎಂದು ಕೇಳಿದಾಗ, ಅಂತೋಣಪ್ಪನ ಗುಡಿ ನೋಡಲಿಕ್ಕೆ ಎರಡು ದಿನ ಯಾಕೆ ಬೇಕು, ಒಂದು ಸಂಜೆ ಸಾಕು ಎಂದರು. ಅಲ್ಲಿಗೆ ವೆನಿಸ್ ತಾನಾಗಿ ಬಿದ್ದುಹೋಯಿತು. ಮೊಮ್ಮಗಳಿಗೆ ಒಂದು ರಾತ್ರಿ ಹೆಚ್ಚಾಯಿತು. ಈಗ ಇಟಲಿಗೆ 7, ಜರ್ಮನಿಗೆ 9. ಅರ್ಜಿ ಜರ್ಮನಿಗೆ. ಮಗಳು ತನ್ನ ಊರಿನ ಕಚೇರಿಯಲ್ಲಿ ಸಂಬಳದ ಚೀಟಿ ತೋರಿಸಿ, ನಮ್ಮ ಹೊಣೆ ತನ್ನದೆಂಬ ಅಧಿಕೃತ ಪತ್ರವನ್ನು ಮಾಡಿಸಿ ಕಳುಹಿಸುತ್ತಿದ್ದಾಳೆ.

ಹಳ್ಳಿಯ ಕುಟುಂಬಗಳು ಅರ್ಜಿಯಲ್ಲಿ ಎಡವುವುದು ಕಾಗದಪತ್ರಗಳಲ್ಲಿ. ಅವ್ವನ ಹೆಸರು ಮೂರು ದಾಖಲೆಗಳಲ್ಲಿ ಮೂರು ಬಗೆಯಾಗಿತ್ತು. ಅದನ್ನು ಸರಿಪಡಿಸಿ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗುವಷ್ಟರಲ್ಲಿ, ನಾವು ಆಸೆಪಟ್ಟಿದ್ದ 2025ರ ಜುಬಿಲಿ ವರ್ಷವೇ ಕಳೆದುಹೋಯಿತು. ಸಂತ ಪೇತ್ರರ ಮಹಾದೇವಾಲಯದ ಪವಿತ್ರ ದ್ವಾರವನ್ನು ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು 2026ರ ಜನವರಿ 6ರಂದು ಮುಚ್ಚಿದರು. ಬಾಗಿಲು ಮುಚ್ಚಿದ ಮೇಲೆ ಹೋಗಿ ಫಲವೇನೆಂದು ಕೇಳಿದವರೂ ಉಂಟು. ಅವ್ವ ಕೇಳಲಿಲ್ಲ. ಇನ್ನು ಬ್ಯಾಂಕಿನ ಲೆಕ್ಕ: ವೀಸಾ ಅಧಿಕಾರಿಗಳು ಕಳೆದ ಕೆಲವು ತಿಂಗಳುಗಳ ಜಮಾಖರ್ಚು ನೋಡುತ್ತಾರೆ. ಸಂಬಳದವರ ಖಾತೆಯಲ್ಲಿ ತಿಂಗಳು ತಿಂಗಳು ಹಣ ಬೀಳುತ್ತದೆ. ಒಕ್ಕಲಿಗನ ಖಾತೆಯಲ್ಲಿ ಕಡಲೆ ಮಾರಿದಂದು ಒಮ್ಮೆಲೇ ಬೀಳುತ್ತದೆ. ಒಮ್ಮೆಲೇ ಬಿದ್ದ ದೊಡ್ಡ ಮೊತ್ತ ಯಾರಿಂದಲೋ ಸಾಲ ತಂದು ತೋರಿಸಿದ್ದೆಂಬ ಅನುಮಾನ ಹುಟ್ಟಿಸುತ್ತದೆ. ಆದುದರಿಂದ ಮಾರುಕಟ್ಟೆಯ ಪಟ್ಟಿಯನ್ನು, ಹೊಲದ ಪಹಣಿಯನ್ನು ಇಂಗ್ಲಿಷಿಗೆ ಅನುವಾದಿಸಿ, ನೋಟರಿಯ ಸಹಿ ಮಾಡಿಸಿ ಜೊತೆಗಿಡುತ್ತಿದ್ದೇವೆ. ಪಿಂಚಣಿಯ ಪತ್ರವೂ ಇದೆ. ಹೋದವರು ತಿರುಗಿ ಬರುವರೆಂಬುದಕ್ಕೆ ಆಧಾರ ಬೇಕು ಎಂದು ವಿವರಿಸಿದಾಗ ಅವ್ವನಿಗೆ ಸಿಟ್ಟೇ ಬಂತು. “ನಾಕ ಎಕರೆ ಎರಿಹೊಲ ಬಿಟ್ಟು ಎಲ್ಲಿಗೆ ಹೋಗಾಕಿ ನಾನು? ಅವರಿಗೆ ಹೇಳ್ರಿ,” ಎಂದರು. ಪಹಣಿಯಲ್ಲಿ ಅದನ್ನೇ ಹೇಳಿದ್ದೇವೆ.

ಅರ್ಜಿಯನ್ನು ಹೊರಡುವುದಕ್ಕೆ ಆರು ತಿಂಗಳು ಮೊದಲಿನಿಂದ ಕೊಡಬಹುದು. ಕೊನೆಯ ಗಡುವು 15 ದಿನ. ಆ ಗಡುವನ್ನು ನಂಬಿ ಕೂರಬಾರದು. ಸಾಮಾನ್ಯವಾಗಿ 15 ದಿನಗಳಲ್ಲಿ ತೀರ್ಮಾನವಾಗುವುದಾದರೂ 45 ದಿನಗಳವರೆಗೆ ಎಳೆಯಬಹುದು. ಡಿಸೆಂಬರಿಗೆ ಹೊರಡುವವರು ಬಹಳ ಜನ. ವೀಸಾ ಕೈಗೆ ಬರುವವರೆಗೆ ರದ್ದು ಮಾಡಲಾಗದ ಟಿಕೆಟ್ಟನ್ನು ಕೊಳ್ಳಬಾರದು, ಕಾಯ್ದಿರಿಸಿದ ದಾಖಲೆ ಸಾಕು. ಪ್ರವಾಸ ವಿಮೆ ಕಡ್ಡಾಯ, ಕನಿಷ್ಠ 30,000 ಯೂರೋ ಮೊತ್ತಕ್ಕೆ. ಆದರೆ ವಿಮೆಯ ಸಣ್ಣ ಅಕ್ಷರಗಳನ್ನು ಓದಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳು ಮೊದಲೇ ಇದ್ದವರಿಗೆ ಅವುಗಳಿಂದ ಬರುವ ತೊಂದರೆಗೆ ಹಣ ಕೊಡುವುದಿಲ್ಲವೆಂದು ಬಹಳಷ್ಟು ವಿಮೆಗಳಲ್ಲಿ ಬರೆದಿರುತ್ತದೆ. ಅವ್ವನಿಗೆ ರಕ್ತದೊತ್ತಡ ಇದೆ. ಹೆಚ್ಚು ಹಣ ಕೊಟ್ಟು ಅದನ್ನೂ ಒಳಗೊಂಡ ವಿಮೆಯನ್ನು ಆರಿಸಿಕೊಂಡೆವು. ಈ ಒಂದು ವಿಷಯದಲ್ಲಿ ಜಿಪುಣತನ ಸಲ್ಲದು. ವಿಮಾನ ನಿಲ್ದಾಣಗಳಲ್ಲಿ ಗಾಲಿಕುರ್ಚಿಗೆ ಹಣವಿಲ್ಲ, ಟಿಕೆಟ್ಟಿನ ಜೊತೆಗೇ ಕೇಳಿಕೊಂಡರಾಯಿತು. ನಾಚಿಕೆಪಟ್ಟು ಕೇಳದೆ ನಂತರ ಒದ್ದಾಡಿದ ಹಿರಿಯರನ್ನು ಬಲ್ಲೆವು.

ರೋಮಿನ ಆರು ರಾತ್ರಿಗಳನ್ನು ಹೀಗೆ ಹಂಚಿಕೊಂಡಿದ್ದೇವೆ. 22ಕ್ಕೆ ಇಳಿಯುವುದು, ಆ ದಿನ ಏನೂ ಇಲ್ಲ, ನಿದ್ರೆ. ನಮ್ಮ ಗಡಿಯಾರಕ್ಕೂ ಅವರದಕ್ಕೂ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆಯ ಅಂತರ. ಹಿರಿಯರ ದೇಹ ಒಂದು ದಿನವಾದರೂ ಕೇಳುತ್ತದೆ. 23ರ ಬೆಳಿಗ್ಗೆ ಮೊದಲ ಕೆಲಸ ಜೆಸು ದೇವಾಲಯ, ಅವ್ವನ ಕೈ. ಉಳಿದದ್ದೆಲ್ಲ ಆಮೇಲೆ. 24ರ ಹಗಲು ಮರಿಯಾ ಮಜ್ಜೋರೆ ಮಹಾದೇವಾಲಯ. ಬಾಲಯೇಸು ಮಲಗಿದ ಗೋದಲಿಯದೆಂದು ಪೂಜಿಸುವ ಮರದ ತುಂಡುಗಳು ಅಲ್ಲಿವೆ. 2025ರ ಏಪ್ರಿಲ್ 21ರಂದು ದೈವಾಧೀನರಾದ ಜಗದ್ಗುರು ಫ್ರಾನ್ಸಿಸರ ಸಮಾಧಿಯೂ ಅಲ್ಲಿಯೇ, ಹೆಸರೊಂದನ್ನು ಮಾತ್ರ ಕೆತ್ತಿದ ಸರಳ ಕಲ್ಲು. ರಾತ್ರಿಯ ಬಲಿಪೂಜೆಗೆ ಸಂತ ಪೇತ್ರರ ಮಹಾದೇವಾಲಯದ ಒಳಗೆ ಹೋಗಲು ಪ್ರವೇಶಪತ್ರ ಬೇಕು. ಅದು ಉಚಿತ, ಜಗದ್ಗುರುಗಳ ಗೃಹಾಡಳಿತ ಕಚೇರಿಗೆ ಮುಂಚಿತವಾಗಿ ಬರೆದು ಕೇಳಬೇಕು. ಯಾರಾದರೂ ಅದಕ್ಕೆ ಬೆಲೆ ಹೇಳಿದರೆ ಅವರಿಂದ ದೂರವಿರುವುದು ಲೇಸು. ದೊರೆಯದಿದ್ದರೂ ಚಿಂತೆಯಿಲ್ಲ. 25ರ ಮಧ್ಯಾಹ್ನ ಹನ್ನೆರಡಕ್ಕೆ ಜಗದ್ಗುರುಗಳು ಮೇಲಿನ ಮೊಗಸಾಲೆಯಿಂದ ನಗರಕ್ಕೂ ಜಗತ್ತಿಗೂ ನೀಡುವ ಆಶೀರ್ವಾದಕ್ಕೆ ಚೌಕದಲ್ಲಿ ನಿಂತರೆ ಸಾಕು, ಯಾವ ಪತ್ರವೂ ಬೇಡ. 1986ರಲ್ಲಿ ಗೋವೆಯಲ್ಲಿ ದೂರದಿಂದ ಕಂಡವರಿಗೆ ಇದೂ ದೂರದಿಂದಲೇ.

ವಸತಿಗೆ ಕನ್ಯಾಮಠವೊಂದರ ಅತಿಥಿಗೃಹವನ್ನು ಕೇಳಿದ್ದೇವೆ. ರೋಮಿನಲ್ಲಿ ಇಂಥವು ಬಹಳ ಇವೆ; ಶುಚಿಯಾಗಿರುತ್ತವೆ, ಬೆಲೆ ಮಿತವಾಗಿರುತ್ತದೆ. ರಾತ್ರಿ ಇಂತಿಷ್ಟು ಗಂಟೆಗೆ ಬಾಗಿಲು ಹಾಕುವ ನಿಯಮ ಹಲವು ಕಡೆ ಉಂಟು. 24ರ ರಾತ್ರಿಯ ಪೂಜೆ ಮುಗಿಸಿ ಬರುವವರಿಗೆ ಬಾಗಿಲು ತೆರೆಯುವಿರಾ ಎಂದು ಪತ್ರದಲ್ಲಿಯೇ ಕೇಳಿ ಒಪ್ಪಿಗೆ ಪಡೆದೆವು. ಆ ರಾತ್ರಿಯೂ ಮರುದಿನವೂ ನಗರದ ಬಸ್ಸು, ಸುರಂಗ ರೈಲುಗಳ ಓಡಾಟ ಕಡಿಮೆ. ಆದುದರಿಂದ ನಡೆದು ಹೋಗುವ ದೂರದಲ್ಲಿಯೇ ವಸತಿ ಹಿಡಿಯುವುದು ಜಾಣತನ. ನಗರದ ತೆರಿಗೆಯೆಂದು ತಲೆಗಿಷ್ಟು, ರಾತ್ರಿಗಿಷ್ಟು ಹಣವನ್ನು ಪ್ರತ್ಯೇಕವಾಗಿ ಕೊಡಬೇಕಾಗುತ್ತದೆ.

27ಕ್ಕೆ ಅಸಿಸ್ಸಿ, ಬೆಳಿಗ್ಗೆ ಹೋಗಿ ಸಂಜೆ ಮರಳುವುದು. ಇದು ಪ್ಯಾರಿಸನ್ನು ಬಿಟ್ಟುಕೊಟ್ಟ ಮಗನ ಪಾಲು. ಸಂತ ಫ್ರಾನ್ಸಿಸರಿಗಿಂತಲೂ, 2025ರ ಸೆಪ್ಟೆಂಬರ್ 7ರಂದು ಸಂತಪದವಿಗೇರಿದ ಹದಿನೈದು ವರ್ಷದ ಹುಡುಗ ಕಾರ್ಲೊ ಅಕುತಿಸನ ಸಮಾಧಿ ನೋಡುವುದು ಅವನಿಗೆ ಮುಖ್ಯ. ಆ ಸಂತ ಗಣಕಯಂತ್ರದ ಕೆಲಸ ಬಲ್ಲವನಂತೆ; ನಮ್ಮವನೂ ಅದನ್ನೇ ಓದುತ್ತಿದ್ದಾನೆ. 1223ರಲ್ಲಿ ಸಂತ ಫ್ರಾನ್ಸಿಸರು ಜೀವಂತ ಎತ್ತು ಕತ್ತೆಗಳನ್ನಿಟ್ಟು ಗೋದಲಿ ಮಾಡಿದ ಗ್ರೆಚ್ಚಿಯೊ ಗ್ರಾಮವನ್ನೂ ನೋಡಬೇಕೆಂದು ನಮಗಿತ್ತು. ಬೆಟ್ಟದ ಮೇಲಿನ ಸಣ್ಣ ಊರು. ಒಂಬತ್ತು ಗಂಟೆಯ ಹಗಲಿನಲ್ಲಿ ಎರಡೂ ಆಗುವಂತಿಲ್ಲ. ಇದು ನಾವು ಬಿಟ್ಟುಕೊಟ್ಟದ್ದು.

28ರ ರಾತ್ರಿ ಪಾದುವಾ. 29ಕ್ಕೆ ಆಲ್ಪ್ಸ್ ದಾಟುವ ಹಗಲು ರೈಲು. ವಿಮಾನದಲ್ಲಿ ಬೇಗ ಹೋಗಬಹುದೆಂದು ಮಗ ಹೇಳಿದ. ಆದರೆ ವೆರೋನಾದಿಂದ ಬ್ರೆನ್ನರ್ ಕಣಿವೆಯ ಮೂಲಕ ಮ್ಯೂನಿಕ್‌ವರೆಗಿನ ಐದೂವರೆ ಗಂಟೆಯ ಹಾದಿಯಲ್ಲಿ ಅವ್ವ ಬೆಚ್ಚಗೆ ಕುಳಿತು ಹಿಮ ನೋಡಬಹುದು. ನಡೆಯುವ ಶ್ರಮವಿಲ್ಲದ ಒಂದು ದಿನವೂ ಆಯಿತು. ಹಳಿಗಳ ದುರಸ್ತಿಯಿಂದ ಆ ಮಾರ್ಗದಲ್ಲಿ ಒಮ್ಮೊಮ್ಮೆ ವ್ಯತ್ಯಯವಾಗುವುದುಂಟು. ಹೊರಡುವ ಮುನ್ನ ವಿಚಾರಿಸಬೇಕು. ಮ್ಯೂನಿಕ್‌ನಲ್ಲಿ ಮಲಗಿ ಎದ್ದು, 30ರ ಮಧ್ಯಾಹ್ನ ಕೊಲೋನ್.

ಬಟ್ಟೆಯ ವಿಷಯದಲ್ಲಿ ನಮ್ಮ ಕಂಬಳಿಯ ಜ್ಞಾನ ಅಲ್ಲಿಗೆ ಸಾಲದು. ಒಂದು ದಪ್ಪ ಕೋಟಿಗಿಂತ ಮೂರು ಪದರ ಲೇಸೆಂದು ಮಗಳು ಬರೆದಿದ್ದಾಳೆ. ಮನೆ, ರೈಲು, ಅಂಗಡಿಗಳ ಒಳಗೆ ಬಿಸಿ ಮಾಡಿರುವುದರಿಂದ ಒಳಗೆ ಹೋದಾಗ ತೆಗೆಯಲು, ಹೊರಗೆ ಬಂದಾಗ ಹಾಕಲು ಬರಬೇಕು. ಅವ್ವ ಇಳಕಲ್ ಸೀರೆ ಬಿಡುವವರಲ್ಲ. ಅದರೊಳಗೆ ಉಣ್ಣೆಯ ಕಾಲುಚೀಲ, ಮೇಲೆ ಉದ್ದನೆಯ ಕೋಟು ಎಂದು ಒಪ್ಪಂದವಾಗಿದೆ. ಚಪ್ಪಲಿಯ ಬದಲು ನೀರು ಒಳಸೇರದ ಬೂಟು ತೊಡಲು ಮಾತ್ರ ಇನ್ನೂ ಒಪ್ಪಿಲ್ಲ. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಹೊರದೇಶಗಳಿಂದ ಮಾಂಸ, ಹಾಲಿನ ಪದಾರ್ಥಗಳನ್ನು ಯೂರೋಪಿಗೆ ಒಯ್ಯುವಂತಿಲ್ಲವಾದ್ದರಿಂದ, ಮೊಮ್ಮಗಳಿಗೆಂದು ಕಾಸಿಟ್ಟ ತುಪ್ಪದ ಡಬ್ಬಿ ಮನೆಯಲ್ಲಿಯೇ ಉಳಿಯುತ್ತದೆ. ಇದನ್ನು ಅವ್ವನಿಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರೂ ಮಾಡಿಲ್ಲ.

ಈಗ ಉಳಿದಿರುವುದು ಬೆರಳಚ್ಚು. ವೀಸಾಕ್ಕೆ ಹತ್ತೂ ಬೆರಳುಗಳ ಗುರುತು ಕೊಡಬೇಕು. 2025ರ ಅಕ್ಟೋಬರ್ 12ರಿಂದ ಆರಂಭವಾದ ಹೊಸ ವ್ಯವಸ್ಥೆಯಂತೆ ಯೂರೋಪಿನ ಗಡಿಯಲ್ಲಿ ಪುಸ್ತಕಕ್ಕೆ ಮುದ್ರೆ ಒತ್ತುವುದರ ಬದಲು ಭಾವಚಿತ್ರ ತೆಗೆದು, ಬೆರಳಚ್ಚನ್ನು ತಾಳೆ ನೋಡುತ್ತಾರೆ. ಅರವತ್ತು ವರ್ಷ ಕಡಲೆ ಕಿತ್ತು, ಜೋಳ ಕೊಯ್ದು, ಕಸ ತೆಗೆದ ಅವ್ವನ ಬೆರಳುಗಳಲ್ಲಿ ಗೆರೆಗಳೇ ಸವೆದುಹೋಗಿವೆ. ಪಾಸ್‌ಪೋರ್ಟಿನ ಸಮಯದಲ್ಲಿ ಯಂತ್ರ ಹಲವು ಬಾರಿ ಹಿಡಿಯಲಿಲ್ಲ. ಅಲ್ಲಿದ್ದ ಹುಡುಗಿ ಸಹನೆಯಿಂದ ಒಂದೊಂದೇ ಬೆರಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಒತ್ತಿಸಿದ್ದರಿಂದ ಕೆಲಸವಾಯಿತು. ಬೆಂಗಳೂರಿನ ಅರ್ಜಿ ಕೇಂದ್ರದಲ್ಲಿ ನಮಗೆ ದಿನ ಗೊತ್ತಾಗಿದೆ, ಇನ್ನು ಮೂರು ವಾರ. ಅಲ್ಲಿಯವರೆಗೆ ಕೈ ಮೆತ್ತಗಿರಲೆಂದು ಮೊಮ್ಮಗಳು ದೂರವಾಣಿಯಲ್ಲಿ ಹೇಳಿದ್ದಾಳೆ: “ಆಯೀ, ದಿನಾ ರಾತ್ರಿ ಎಣ್ಣಿ ಹಚ್ಕೋ, ಹೊಲದ ಕೆಲಸಕ್ಕ ಹೋಗಬ್ಯಾಡ.” ಎಣ್ಣೆ ಹಚ್ಚಿಕೊಳ್ಳುತ್ತಿದ್ದಾರೆ. ಹೊಲಕ್ಕೆ ಹೋಗುವುದನ್ನು ಮಾತ್ರ ಬಿಟ್ಟಿಲ್ಲ.